ಪಾತ್ರಕ್ಕೊಂದು ಪುಸ್ತಕ

ನಮ್ಮಣ್ಣ ತನ್ನ ಗೆಳೆಯನನ್ನು ಎದುರಿಗೆ ನಿಲ್ಲಿಸಿಕೊಂಡು ಕಳ್ಳ ಎಂದಾಗ, ‘ಅವನಲ್ಲ, ನಾನು’ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವರಿಬ್ಬರಿಂದ ನಾಲ್ಕು ಮಾರು ದೂರದಲ್ಲಿ ಶಾವಿಗೆ ಹೊಸೆಯುತ್ತ ಕುಳಿತಿದ್ದೆ. ಬಾಯಿ ತೆರೆದಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಅದಾದ ಮೇಲೆ ಅಣ್ಣ ಏಳು ವರ್ಷ ಬದುಕಿದ್ದ. ಆ ಏಳು ವರ್ಷದಲ್ಲಿ ತವರಿಗೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತುತ್ತಿದ್ದೆ. ಹೇಳದೆಯೇ ವಾಪಸು ಬರುತ್ತಿದ್ದೆ.

ಅವನ ಬಗ್ಗೆ ಬರೆಯುವಷ್ಟು ಓದಿದವಳಲ್ಲ ನಾನು. ಮೂರನೇ ತರಗತಿಗೆ ಸಾಲಿ ಬಿಟ್ಟೆ. ಅಣ್ಣನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಒಮ್ಮೆ ಬಿಟ್ಟುಹಾಕಿದವಳು ನಾನೇ. ಈಗ ದೊಡ್ಡ ಅಕ್ಷರದಲ್ಲಿ ಬರೆದು ಒಳ್ಳೆಯವಳಾಗಲು ಮನಸ್ಸು ಒಪ್ಪುವುದಿಲ್ಲ.

ಕೊಪ್ಪಳ ಜಿಲ್ಲೆಯಾದ ವರ್ಷ ಅಣ್ಣ ಅವ್ವನನ್ನೂ ನನ್ನನ್ನೂ ತಳಕಲ್ಲಿನಿಂದ ಕೊಪ್ಪಳಕ್ಕೆ ಕರೆತಂದ. ಅಲ್ಲಿಯವರೆಗೆ ಅವನು ಬೇರೆಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಆ ವರ್ಷ ಅಂಗಡಿ, ಸಂಘ, ಸಾಲಿ, ಎಲ್ಲರ ಕಾಗದದ ಮೇಲೂ ‘ರಾಯಚೂರು ಜಿಲ್ಲೆ’ ಎಂದಿದ್ದದ್ದು ‘ಕೊಪ್ಪಳ ಜಿಲ್ಲೆ’ ಎಂದಾಗಬೇಕಿತ್ತು. ಕಾಲಿನಿಂದ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಯಂತ್ರವೊಂದನ್ನು ತಂದು ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಸ್ವಂತ ಪ್ರೆಸ್ಸು ಹಾಕಿದ. “ಜಿಲ್ಲಾ ಆಗಿದ್ದು ಯಾರಿಗೆ ಉಪಯೋಗ ಆತೋ ಬಿಡ್ತೋ, ನನಗಂತೂ ಆತು” ಎಂದು ನಗುತ್ತಿದ್ದ. ಮುಂದೆ ಬಂದವರು ಕೂರಲು ಕಟ್ಟಿಗೆ ಹಲಗೆ, ಹಿಂದೆ ಯಂತ್ರ, ಯಂತ್ರದ ಹಿಂದೆ ನಾವು ಮೂವರು ಮಲಗುವ ಜಾಗ.

ಆದರೆ ಲೆಟರ್‌ಹೆಡ್ಡು, ರಸೀದಿ ಬುಕ್ಕು ಅವನ ಹೊಟ್ಟೆಪಾಡು ಮಾತ್ರ. ಅವನ ಜೀವ ಇದ್ದದ್ದು ನಾಟಕದ ಪುಸ್ತಕದಲ್ಲಿ. ತಾನೇ ಬರೆಯುತ್ತಿದ್ದ, ತಾನೇ ಮೊಳೆ ಜೋಡಿಸುತ್ತಿದ್ದ, ತಾನೇ ಅಚ್ಚು ಹಾಕುತ್ತಿದ್ದ. ನಮ್ಮ ಕಡೆ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡಸರು ಸೇರಿ ನಾಟಕ ಆಡುತ್ತಾರೆ. ಹಗಲು ಹೊಲಕ್ಕೋ ಗೌಂಡಿ ಕೆಲಸಕ್ಕೋ ಹೋಗುವವರು, ಸಂಜೆಯಾದರೆ ಸಾಹುಕಾರ, ದೇಸಾಯಿ, ಇನ್ಸ್‌ಪೆಕ್ಟರ್ ಆಗುತ್ತಾರೆ. ಹನ್ನೊಂದು ಪಾತ್ರವಿದ್ದರೆ ಹನ್ನೊಂದು ಪುಸ್ತಕ ಬೇಕು. ಅದಕ್ಕೆ ಸೆಟ್ಟು ಎನ್ನುತ್ತಿದ್ದರು. ಅಣ್ಣ ಆಗೆಲ್ಲ ಒಂಟಿ ಪುಸ್ತಕ ಮಾರುತ್ತಲೇ ಇರಲಿಲ್ಲ.

ಸೆಟ್ಟು ಕೊಡುವ ಮೊದಲು ಅವನದೊಂದು ಪದ್ಧತಿ ಇತ್ತು. ಪ್ರತಿ ಪುಸ್ತಕದಲ್ಲೂ ಒಂದೊಂದು ಪಾತ್ರದ ಮಾತುಗಳ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆಯುವುದು. ಸಾಹುಕಾರನ ಪುಸ್ತಕದಲ್ಲಿ ಸಾಹುಕಾರನ ಮಾತಿಗೆ, ತಾಯಿಯ ಪುಸ್ತಕದಲ್ಲಿ ತಾಯಿಯ ಮಾತಿಗೆ. ಮೇಲೆ ಪಾತ್ರ ಮಾಡುವವನ ಹೆಸರು, ಊರು. ಹೊಲದಲ್ಲಿ ಎತ್ತು ನಿಲ್ಲಿಸಿ ಪುಸ್ತಕ ತೆಗೆದರೆ ಕಣ್ಣು ನೇರವಾಗಿ ತನ್ನ ಮಾತಿಗೆ ಹೋಗಬೇಕು ಎಂಬುದು ಅವನ ಲೆಕ್ಕ. ಇದಕ್ಕೆ ಬೇರೆ ದುಡ್ಡಿಲ್ಲ.

ಆ ಗೆರೆ ಎಳೆಯುವ ಕೆಲಸ ನನ್ನದಾಯಿತು. ಸಾಲಿ ಬಿಟ್ಟು ಅಕ್ಷರ ಅರ್ಧ ಮರೆತಿದ್ದೆ. ಅಣ್ಣ ಹೇಳಿದ: “ಎಲ್ಲಾ ಓದೂದು ಬ್ಯಾಡ ತಂಗೆವ್ವ. ಎಡಗಡೆ ಹೆಸರು ನೋಡು. ಆ ಹೆಸರು ಬಂದಲ್ಲಿ ಗೆರಿ ಎಳಿ.” ಹಾಗೆ ಹೆಸರು ನೋಡುತ್ತ ನೋಡುತ್ತ, ಆ ಹೆಸರಿನವರು ಏನು ಹೇಳುತ್ತಾರೆ ಎಂದು ನೋಡತೊಡಗಿದೆ. ಆಮೇಲೆ ಅದಕ್ಕೆ ಮತ್ತೊಬ್ಬರು ಏನೆನ್ನುತ್ತಾರೆ ಎಂದು. ನನ್ನ ಓದು ಆದದ್ದು ಹೀಗೆ. ಒಂದೇ ನಾಟಕವನ್ನು ಹನ್ನೊಂದು ಸಲ, ಪ್ರತಿ ಸಲ ಬೇರೆ ಮನುಷ್ಯನ ಬೆನ್ನು ಹತ್ತಿ ಓದಿದ್ದೇನೆ.

ಸೆಟ್ಟು ಒಯ್ಯಲು ಹಳ್ಳಿಯವರು ಗುಂಪಾಗಿ ಬರುತ್ತಿದ್ದರು. ಅಣ್ಣ ಅವರನ್ನು ಹಲಗೆಯ ಮೇಲೆ ಕೂರಿಸಿ ಒಬ್ಬೊಬ್ಬರಿಂದ ಒಂದೊಂದು ಮಾತು ಅನ್ನಿಸುತ್ತಿದ್ದ. ಹಿರೇಮ್ಯಾಗೇರಿ ಕಡೆಯ ಒಬ್ಬ ಎತ್ತರದ ಮನುಷ್ಯ ಮೀಸೆ ತಿರುವಿ, “ಸಾಹುಕಾರನ ಪಾರ್ಟು ನಂದ್ರಿ” ಎಂದ. ಅಣ್ಣ ಅವನ ದನಿ ಕೇಳಿ, “ನಿಂದು ಸಾಹುಕಾರನ ದನಿ ಅಲ್ಲಪಾ, ಅವನ ಕುದುರಿದು” ಎಂದ. ಎಲ್ಲರೂ ನಕ್ಕರು. ಆ ಮನುಷ್ಯನೂ ನಕ್ಕ. “ಹಂಗಾರ ಕುದುರಿ ಪಾರ್ಟು ಬರೀರಿ, ಮಾಡ್ತೀನಿ” ಎಂದ. ಮುಂದಿನ ನಾಟಕದಲ್ಲಿ ಅಣ್ಣ ನಿಜವಾಗಿಯೂ ಜಟಕಾ ಹೊಡೆಯುವವನ ಪಾತ್ರವೊಂದನ್ನು ಅವನಿಗಾಗಿ ಸೇರಿಸಿದ.

ಪೆನ್ನನ್ನು ಅವನು ಜೇಬಿಗೆ ಸಿಕ್ಕಿಸುತ್ತಿರಲಿಲ್ಲ, ಕಿವಿಯ ಮೇಲೆ ಇಡುತ್ತಿದ್ದ. ಬಲ ಕಿವಿಯ ಹಿಂದೆ ಸದಾ ಒಂದು ಕೆಂಪು ಕಲೆ. ಪ್ರೂಫ್ ನೋಡುವಾಗ ಎಲ್ಲ ಪಾತ್ರದ ದನಿಯಲ್ಲೂ ಓದುತ್ತಿದ್ದ. ನಾಯಕಿಯ ಮಾತು ಬಂದರೆ ದನಿ ಸಣ್ಣ ಮಾಡಿ ಓದುವಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ಇಣುಕುತ್ತಿದ್ದರು. ಪುಸ್ತಕದ ರಟ್ಟಿನ ಮೇಲೆ ತನ್ನ ಫೋಟೋ ಹಾಕಿಸಲಿಲ್ಲ. ಒಳಗಿನ ಮೊದಲ ಹಾಳೆಯಲ್ಲಿ ಮಾತ್ರ ಸಣ್ಣದಾಗಿ ಹೆಸರು, ಕೆಳಗೆ ‘ತಳಕಲ್’.

ಅವನ ಗೆಳೆಯ ಯಮನೂರಪ್ಪ. ನಾನು ಯಮನೂರಣ್ಣ ಎನ್ನುತ್ತಿದ್ದೆ. ನಮ್ಮ ಪ್ರೆಸ್ಸಿನ ಬೈಂಡಿಂಗ್ ಎಲ್ಲ ಅವನದೇ. ಹಾಳೆ ಮಡಿಸಿ ಹೆಬ್ಬೆರಳ ಉಗುರಿನಿಂದ ಒಮ್ಮೆ ಗೀರಿದರೆ ಆ ಮಡಿಕೆ ಚಾಕುವಿನಂತೆ ನಿಲ್ಲುತ್ತಿತ್ತು. ಟ್ರೆಡಲ್ಲಿನ ಪಕ್ಕದಲ್ಲೇ ಕೂತು ಕೂತು ಕಿವಿ ಆಗಲೇ ಸ್ವಲ್ಪ ಮಂದ. ಅಣ್ಣ ಕೆಣಕುತ್ತಿದ್ದ: “ಯಮನೂರಾ, ನಿನ್ನ ಕಿವಿಯಾಗ ಹತ್ತಿ ಐತೇನಲೇ?” “ನೀ ಬರ್ದಿದ್ದೆಲ್ಲಾ ಕೇಳಿ ಕೇಳಿ ತುಂಬ್ಯಾವ. ಇನ್ನ ಜಾಗ ಇಲ್ಲ” ಎನ್ನುತ್ತಿದ್ದ ಅವನು.

ನನ್ನ ಮದುವೆಯ ಹಿಂದಿನ ವರ್ಷ ಅಣ್ಣ ಒಂದು ನಾಟಕ ಬರೆದ. ಅದಕ್ಕೆ ಬೇರೆ ಹೆಸರಿತ್ತು, ಜನ ಕರೆದದ್ದು ದುರಗನ ನಾಟಕ ಎಂದು. ದುರಗ ಸಾಹುಕಾರನ ಮನೆಯ ಆಳು. “ಸಾಹುಕಾರ್ರ, ನನ್ನ ನೆಳ್ಳು ನಿಮ್ಮ ಕಟ್ಟಿ ಮ್ಯಾಲ ಬಿದ್ದೈತಿ, ಅದಕ್ಕೂ ಬಾಡಿಗಿ ಹಿಡೀತೀರೇನ್ರಿ?” ಎಂದು ನಗಿಸುತ್ತಲೇ ಇರುತ್ತಾನೆ. ಕೊನೆಗೆ ಮಾಡದ ಕಳವು ಅವನ ಮೇಲೆ ಬರುತ್ತದೆ. ಪೆಟ್ಟು ತಿಂದು ಸಾಯುವಾಗ ಅವನು ಹೇಳುವುದು ಒಂದೇ ಮಾತು: “ನಾ ಅಲ್ರೀ ಸಾಹುಕಾರ್ರ.” ಮೊದಲ ಸಲ ಆ ಪಾತ್ರ ಮಾಡಿದವನು ಯಮನೂರಣ್ಣ, ನಮ್ಮ ತಳಕಲ್ಲಿನಲ್ಲೇ. ಅವನ ಪುಸ್ತಕಕ್ಕೆ ಗೆರೆ ಎಳೆದವಳು ನಾನು. ಕೊನೆಯ ಮಾತಿನ ಪಕ್ಕ, ಅಂಚಿನಲ್ಲಿ, ಅಣ್ಣ ಅದೇ ಕೆಂಪು ಪೆನ್ನಿನಿಂದ ಬರೆದ: ‘ಯಮನೂರಾ, ಇಲ್ಲಿ ಉಸಿರು ಹಿಡಿ. ಆಮ್ಯಾಲ ಮೆಲ್ಲಕ ಅನ್ನು.’

ಯಮನೂರಣ್ಣ ಉಸಿರು ಹಿಡಿದ. ಇಡೀ ಊರು ಅವನ ಜೊತೆ ಉಸಿರು ಹಿಡಿಯಿತು. ಆಮೇಲೆ ಅವನು ಎಷ್ಟು ಮೆಲ್ಲಗೆ ಅಂದನೆಂದರೆ, ಹಿಂದೆ ಕುಳಿತವರಿಗೆ ಕೇಳಿಸಿರಲಿಕ್ಕಿಲ್ಲ. ಆದರೆ ಹಿಂದೆ ಕುಳಿತ ಹೆಂಗಸರೇ ಮೊದಲು ಅತ್ತರು.

ಆ ನಾಟಕದಿಂದ ಅಣ್ಣನ ಪ್ರೆಸ್ಸು ಐದಾರು ವರ್ಷ ನಡೆಯಿತು. ಕಂಡಕ್ಟರುಗಳ ಕೈಯಲ್ಲಿ ಸೆಟ್ಟುಗಳು ಕುಷ್ಟಗಿಗೆ, ಯಲಬುರ್ಗಾಕ್ಕೆ ಹೋದವು. ಮೊಳೆ ಹೋಗಿ ಕಂಪ್ಯೂಟರ್ ಬಂತು. ಅಣ್ಣ ಗಂಗಾವತಿಗೆ ಹೋಗಿ ಡಿ.ಟಿ.ಪಿ. ಮಾಡಿಸಿ, ಅಲ್ಲೇ ಆಫ್‌ಸೆಟ್ಟಿನಲ್ಲಿ ಅಚ್ಚು ಹಾಕಿಸತೊಡಗಿದ. ಟ್ರೆಡಲ್ ಮೇಲೆ ಗೋಣಿಚೀಲ ಹೊದಿಸಿದ. ಆದರೆ ಕೆಂಪು ಗೆರೆ ಬಿಡಲಿಲ್ಲ. ನಾನು ಗಂಡನ ಮನೆಗೆ ಹೋದ ಮೇಲೆ ತಾನೇ ಕೂತು ಎಳೆಯುತ್ತಿದ್ದ. ಜೆರಾಕ್ಸ್ ಬಂದಾಗ ಎರಡು ಪುಸ್ತಕ ಕೊಂಡು ಒಂಬತ್ತು ಜೆರಾಕ್ಸ್ ಮಾಡಿಸುವವರು ಹೆಚ್ಚಾದರು. ಅದಕ್ಕೂ ಅಣ್ಣ ಸಿಟ್ಟಾಗಲಿಲ್ಲ. “ಜೆರಾಕ್ಸಿನಾಗ ಕೆಂಪು ಕರ್ರಗ ಬೀಳ್ತೈತಿ. ಬರ್ತಾರ ತಗೋ” ಎಂದ. ಕೆಲವರು ಬಂದರು ಕೂಡ. ಜೆರಾಕ್ಸ್ ಹಾಳೆಗಳನ್ನೇ ತಂದು, “ಇದಕ್ಕೂ ಗೆರಿ ಹಾಕಿಕೊಡ್ರಿ” ಎಂದರು. ಹಾಕಿಕೊಟ್ಟ.

ಇನ್ನು ನನ್ನ ವಿಷಯ. ನನ್ನ ಗಂಡನ ಊರು ಕುಷ್ಟಗಿಯಿಂದ ಮುಂದೆ. ಅಲ್ಲಿ ನಾನು ಕೂಲಿಗೆ ಹೋಗುವವಳು, ಸಾಲಿ ಕಲಿಯದವಳು. ನನ್ನಲ್ಲಿ ದೊಡ್ಡದೆಂದು ಹೇಳಿಕೊಳ್ಳುವುದೇನಾದರೂ ಇದ್ದರೆ ಅದು ಅಣ್ಣ ಮಾತ್ರ. ಕಳೆ ತೆಗೆಯುವಾಗ ದುರಗನ ಮಾತುಗಳನ್ನು ಅಂದು ತೋರಿಸಿ, “ಇದನ್ನ ಬರ್ದಾಂವ ನಮ್ಮಣ್ಣ” ಎನ್ನುತ್ತಿದ್ದೆ. ಒಂದು ವರ್ಷ ದೀಪಾವಳಿಗೆ ನಮ್ಮೂರವರು ನಾಟಕ ಆಡಬೇಕೆಂದರು. ನನ್ನ ಮೈದುನನೇ ಮುಂದಾಳು. ಎಲ್ಲರ ಎದುರಿಗೆ ಅಂದುಬಿಟ್ಟ: “ಪುಸ್ತಕದ ಚಿಂತಿ ಬಿಡ್ರಿ. ನಮ್ಮ ವೈನಿ ಒಂದು ಮಾತು ಅಂದ್ರ ತವರಿಂದ ಗಾಡಿ ತುಂಬ ಬರ್ತಾವ.” ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಬೇಡ ಎನ್ನಲಿಲ್ಲ.

ಪಂಚಮಿಗೆ ತವರಿಗೆ ಹೋದೆ. ದುರಗನ ನಾಟಕದ ಮಾರುವ ಪ್ರತಿಗಳೆಲ್ಲ ಮುಗಿದುಹೋಗಿದ್ದವು. ದಸರಾ ಕಳೆದ ಮೇಲೆ ನಾಲ್ಕು ಊರಿನವರು ಕೇಳಿದರೆ ಮತ್ತೆ ಅಚ್ಚು ಹಾಕಿಸುತ್ತೇನೆ ಎಂದು ಅಣ್ಣ ಅಂದ. ಆಟವನ್ನು ಮುಂದಕ್ಕೆ ಹಾಕಿ ಕಾಯಬಹುದಿತ್ತು. ನನಗೆ ಮೈದುನನ ಮುಖ ಕಣ್ಣೆದುರು ಬಂತು. ಓಣಿಯಾಚೆ ಯಮನೂರಣ್ಣನ ಮನೆಗೆ ಹೋಗಿ, “ನಿನ್ನ ದುರಗನ ಪುಸ್ತಕ ಎರಡು ದಿನ ಕೊಡಣ್ಣ, ಓದಿ ಭಾಳ ದಿನ ಆತು” ಎಂದೆ. ಅವನು ಟ್ರಂಕಿನಿಂದ ತೆಗೆದ. ಕ್ಯಾಲಿಕೋ ಬಟ್ಟೆ ಹಚ್ಚಿ ತಾನೇ ಗಟ್ಟಿ ರಟ್ಟು ಕಟ್ಟಿಕೊಂಡಿದ್ದ. “ನೀ ಎಳೆದ ಗೆರಿ ನೋಡಬೇ, ಎಲ್ಲೆಲ್ಲೋ ಸೊಟ್ಟ ಹೋಗ್ಯಾವ” ಎಂದು ನಕ್ಕು ಕೈಗಿಟ್ಟ.

ಗಂಡನ ಹೊಸ ಫೋನು ನನ್ನ ಹತ್ತಿರ ಇತ್ತು. ಅಟ್ಟದ ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಹಾಳೆ ತಿರುವಿ ಫೋಟೋ ಹೊಡೆದೆ. ಮೊದಲ ಎರಡು ಹಾಳೆ ಬಿಟ್ಟೆ. ಅಲ್ಲಿ ಆಟಕ್ಕೆ ಬೇಕಾದದ್ದೇನೂ ಇರಲಿಲ್ಲ. ಅಣ್ಣನ ಹೆಸರಿದ್ದದ್ದು ಆ ಹಾಳೆಯಲ್ಲಿ. ಬೇಕೆಂದು ಬಿಟ್ಟದ್ದಲ್ಲ, ನಾಟಕ ಅಲ್ಲಿಂದ ಶುರುವಾಗುವುದಿಲ್ಲ ಎಂದು ಬಿಟ್ಟೆ. ಮೈದುನನಿಗೆ ಕಳಿಸಿದೆ. ಅವನು ಹಾಳೆಗಳನ್ನೆಲ್ಲ ಒಂದು ಕಡೆ ಸೇರಿಸಿ ಫೋನಿನಲ್ಲಿದ್ದ ಊರಿನವರ ಗುಂಪಿಗೆ ಹಾಕಿದ. ಪುಸ್ತಕವನ್ನು ಹೇಳಿದ ದಿನಕ್ಕೆ ಸರಿಯಾಗಿ ಯಮನೂರಣ್ಣನಿಗೆ ವಾಪಸು ಕೊಟ್ಟೆ. ಹಾಳೆ ಒಂದೂ ಮಡಚಿರಲಿಲ್ಲ. ನಾನು ಯಾವುದನ್ನೂ ಕೆಡಿಸಿಲ್ಲ ಎಂದುಕೊಂಡೆ.

ನಮ್ಮೂರಿನ ನಾಟಕ ಚೆನ್ನಾಗಿಯೇ ಆಯಿತು. ಆದರೆ ಆ ಫೋಟೋಗಳು ನಮ್ಮೂರಲ್ಲಿ ನಿಲ್ಲಲಿಲ್ಲ. ಮೈದುನನ ಸೋದರಮಾವನ ಊರು, ಅಲ್ಲಿಂದ ಅವರ ಬೀಗರ ಊರು, ಅಲ್ಲಿಂದ ಗೊತ್ತಿಲ್ಲದ ಊರು. ಯುಗಾದಿಯ ಹೊತ್ತಿಗೆ ಮೂರು ತಾಲ್ಲೂಕಿನಲ್ಲಿ ದುರಗನ ನಾಟಕ. ಅಣ್ಣನ ಹತ್ತಿರ ಮಾತ್ರ ಯಾರೂ ಬರಲಿಲ್ಲ. ಕೆಂಪು ಗೆರೆ ಯಾಕಿದೆ ಎಂದು ಆ ಊರುಗಳವರಿಗೆ ಹೇಳುವವರಿರಲಿಲ್ಲ. ಗೆರೆ ಇರುವ ಮಾತನ್ನು ಗಟ್ಟಿಯಾಗಿ ಒದರಬೇಕು ಎಂದುಕೊಂಡರು. ಊರೂರಲ್ಲಿ ಆಳು ದುರಗ ಸಾಹುಕಾರನ ಮೇಲೆ ಗಂಟಲು ಹರಿಯುವ ಹಾಗೆ ಕೂಗತೊಡಗಿದ.

ಆ ಬೇಸಿಗೆ ನಾನು ಶಾವಿಗೆ ಹೊಸೆಯಲು ಅತ್ತಿಗೆಗೆ ನೆರವಾಗಿ ಕೊಪ್ಪಳಕ್ಕೆ ಹೋಗಿದ್ದೆ. ಅಣ್ಣ ಹಿಂದಿನ ದಿನ ಯಲಬುರ್ಗಾ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದ. ಅವನ ನಾಟಕ ಆಡುತ್ತಾರೆಂದು ಯಾರೋ ಹೇಳಿದ್ದರು. ಅವನಿಗೆ ಕರೆ ಬಂದಿರಲಿಲ್ಲ. ಕರಪತ್ರದಲ್ಲಿ ನಾಟಕ ಬರೆದ ಕವಿ ಎಂದು ಬೇರೆ ಯಾರದೋ ಹೆಸರಿತ್ತು. ಬೆಳಗಿನ ಬಸ್ಸಿಗೆ ಬಂದವನು ಅಂಗಳದ ಕಟ್ಟೆಯ ಮೇಲೆ ಕುಳಿತು ನಗತೊಡಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಏನಾತ್ರಿ?” ಎಂದರು ಅತ್ತಿಗೆ.

“ದುರಗ ಸಾಯಾಕತ್ತ್ಯಾನ. ಮಂದಿ ಗಪ್ಪನ ಕುಂತೈತಿ. ಆ ಮಗ ಎದ್ದು ನಿಂತು, ಎರಡೂ ಕೈ ಮ್ಯಾಲೆತ್ತಿ ಒದರಿದ ನೋಡು, ‘ಯಮನೂರಾ, ಇಲ್ಲಿ ಉಸಿರು ಹಿಡಿ! ಆಮ್ಯಾಲ ಮೆಲ್ಲಕ ಅನ್ನು!’ ಅಂತ. ನಾಟಕದಾಗ ಯಮನೂರ ಎಲ್ಲಿಂದ ಬಂದ ಅಂತ ಸಾಹುಕಾರ ಅತ್ತಿತ್ತ ನೋಡಾಕತ್ತ.”

ಅತ್ತಿಗೆ ನಕ್ಕರು. ನಾನೂ ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣನ ನಗು ನಿಂತಿತು. ಆ ಮಾತು ಇರುವುದು ಒಂದೇ ಪುಸ್ತಕದಲ್ಲಿ ಎಂದು ಅವನಿಗೆ ಆ ಕ್ಷಣದಲ್ಲೇ ಹೊಳೆಯಿತೋ, ದಾರಿಯಲ್ಲೇ ಹೊಳೆದಿತ್ತೋ ಗೊತ್ತಿಲ್ಲ. ಯಮನೂರಣ್ಣನನ್ನು ಕರೆಕಳಿಸಿದ.

ಅವನು ಬನಿಯನ್ನಿನಲ್ಲೇ ಬಂದ. ಕೈಗೆ ರಟ್ಟು ಅಂಟಿಸುವ ಹಿಟ್ಟಿನ ಸರಿ ಮೆತ್ತಿತ್ತು. ಅಣ್ಣ ಎಲ್ಲ ಹೇಳಿ, ಆ ಊರಿನವರ ಫೋನಿನಲ್ಲಿ ಹಾಳೆಗಳನ್ನು ತಾನೇ ಕಂಡದ್ದನ್ನೂ ಹೇಳಿ, “ಆ ಪುಸ್ತಕ ನಿನ್ನ ಟ್ರಂಕಿನಾಗ ಇರ್ತೈತಿ. ಯಾರಿಗೆ ಮಾರಿದಿ ಯಮನೂರಾ? ಕೇಳಿದ್ರ ನಾನ ಕೊಡ್ತಿದ್ದಿಲ್ಲೇನು? ಕಳ್ಳತನ ಯಾಕಲೇ ಮಾಡಿದಿ?” ಎಂದ.

ಯಮನೂರಣ್ಣ ಅಣ್ಣನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. ಹಿಟ್ಟಿನ ಎಳೆ ನನ್ನ ಬೆರಳಲ್ಲಿ ಹಾಗೆಯೇ ನಿಂತಿತ್ತು. ಅವನು ಪುಸ್ತಕ ಕೊಟ್ಟದ್ದು ನನ್ನೊಬ್ಬಳಿಗೇ. ಅವನಿಗೆ ಎಲ್ಲ ತಿಳಿಯಿತು. ತಿಳಿಯಿತು ಎಂಬುದು ನನಗೂ ತಿಳಿಯಿತು. ನಾನು ಕಣ್ಣು ಇಳಿಸಿ ಎಳೆಯನ್ನು ಮತ್ತೆ ಹೊಸೆಯತೊಡಗಿದೆ. ಹೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನನ್ನ ತಲೆಯಲ್ಲಿದ್ದದ್ದು ಅವನಿಗೆ ಕಂಡಿರಬೇಕು. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಮೆಲ್ಲಗೆ, “ನಾ ಅಲ್ಲೋ” ಎಂದ.

ಅಣ್ಣ ಅವನನ್ನೇ ನೋಡುತ್ತ, “ಛಲೋ ಅಂದಿ. ಉಸಿರೂ ಹಿಡಿದಿ” ಎಂದ.

ಯಮನೂರಣ್ಣ ಕೈಯ ಸರಿಯನ್ನು ಬನಿಯನ್ನಿಗೆ ಒರೆಸಿಕೊಂಡು ಹೊರಟುಹೋದ. ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಮನೆಯನ್ನೂ ಖಾಲಿ ಮಾಡಿ ಮುನಿರಾಬಾದಿಗೆ ಹೋದ, ಅಲ್ಲಿ ಕಚೇರಿಯ ಕಡತಗಳಿಗೆ ದಾರ ಹೊಲಿಯುವ ಕೆಲಸ ಸಿಕ್ಕಿದೆ ಎಂದು ಕೇಳಿದೆ.

ಅಣ್ಣ ದುರಗನ ನಾಟಕವನ್ನು ಮತ್ತೆ ಅಚ್ಚು ಹಾಕಿಸಲಿಲ್ಲ. ಹಾಕಿಸಿದ್ದರೂ ಯಾರೂ ಕೊಳ್ಳುತ್ತಿರಲಿಲ್ಲ. ಉಳಿದ ನಾಟಕಗಳದ್ದೂ ಅದೇ ದಾರಿಯಾಯಿತು. ಅವನ್ನು ಫೋನಿಗೆ ಹಾಕಿದವಳು ನಾನಲ್ಲ. ಆದರೆ ದಾರಿ ನೋಡಿದ ಮೇಲೆ ಹೋಗುವವರಿಗೆ ಕಷ್ಟವೇನು? ಹೊಸಪೇಟೆಯಿಂದ ಒಬ್ಬ ಮನುಷ್ಯ ಬಂದು, ಈಗ ಸಾವಿರ ಪ್ರತಿ ಹಾಕಿಸಿ ಕೂರುವ ಕಾಲ ಹೋಯಿತು, ಯಾರು ಕೇಳುತ್ತಾರೋ ಅವರಿಗೆ ಒಂದೇ ಒಂದು ಪುಸ್ತಕ ಅಚ್ಚು ಹಾಕಿ ಮನೆಗೆ ಕಳಿಸಬಹುದು ಎಂದು ತಿಳಿಸಿ ಹೇಳಿದ. ಅಣ್ಣ ಎಲ್ಲ ಕೇಳಿ, “ಛಲೋ ಐತಿ ನಿಮ್ಮ ಯಂತ್ರ. ಆದ್ರ ಒಂದು ಪುಸ್ತಕದಾಗ ನಾಟಕ ಹೆಂಗ ಆಡ್ತಾರ್ರಿ?” ಎಂದ. ಆ ಮನುಷ್ಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಫೋಟೋ ನೋಡಿ ಓದುವುದೂ ಬಹಳ ದಿನ ನಡೆಯಲಿಲ್ಲ. ಊರಿನಲ್ಲಿ ಓದು ಬರುವ ಒಬ್ಬ ಎಲ್ಲರ ಮಾತನ್ನೂ ಓದಿ, ದನಿ ಮುದ್ರಿಸಿ ಅವರವರ ಫೋನಿಗೆ ಕಳಿಸುತ್ತಾನೆ. ಅವರು ಕಿವಿಗೆ ಸಿಕ್ಕಿಸಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತ ಬಾಯಿಪಾಠ ಮಾಡುತ್ತಾರೆ. ನನ್ನ ಮೈದುನ ಇದನ್ನು ಹೆಮ್ಮೆಯಿಂದ ಹೇಳಿದಾಗ ಅಣ್ಣ ತಲೆಯಾಡಿಸಿದ. “ಹನ್ನೊಂದು ಮಂದಿ ಓದ್ತಿದ್ರು. ಈಗ ಒಬ್ಬ ಓದ್ತಾನ. ನಾಳಿ ಅದನ್ನೂ ಫೋನ ಓದ್ತೈತಿ.” ಬೇಸರದಿಂದಲೂ ಅಲ್ಲ, ಸಿಟ್ಟಿನಿಂದಲೂ ಅಲ್ಲ, ನಾಳೆ ಮಳೆ ಬರುತ್ತದೆ ಎನ್ನುವವರಂತೆ ಹೇಳಿದ. ನನಗೆ ನನ್ನ ಸೊಟ್ಟ ಗೆರೆಗಳು ನೆನಪಾದವು. ಆ ಗೆರೆ ಎಳೆಯದಿದ್ದರೆ ನಾನು ಇವತ್ತು ಬಸ್ಸಿನ ಬೋರ್ಡು ಕೂಡ ಓದುತ್ತಿರಲಿಲ್ಲ. ಈಗ ನನ್ನಂಥವಳು ಯಾರಾದರೂ ಇದ್ದರೆ ಅವಳಿಗೆ ಗೆರೆ ಎಳೆಯಲು ಯಾರ ಪುಸ್ತಕವಿದೆ?

ಪ್ರೆಸ್ಸು ಮುಚ್ಚಿತು. ಕೆಲಸವಿಲ್ಲದ ಅಣ್ಣ ಅಂಗಳದಲ್ಲಿ ಕುಳಿತು ದಿನಪತ್ರಿಕೆ ಓದುತ್ತಿದ್ದ. ಅದರಲ್ಲಿ ಯಾರಾದರೂ ಹೇಳಿದ ಮಾತು ಬಂದರೆ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದ. ಮಂತ್ರಿಯ ಮಾತು, ರೈತನ ಮಾತು, ಪೊಲೀಸರ ಮಾತು. “ಯಾರಿಗ್ರಿ ಈ ಪಾರ್ಟು?” ಎಂದು ಅತ್ತಿಗೆ ಕೇಳಿದರೆ, “ಇರ್ಲಿ ಬಿಡು, ಕೈಗೆ ರೂಢಿ ಐತಿ” ಎನ್ನುತ್ತಿದ್ದ.

ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾದವು. ಕೊನೆಯ ವರ್ಷ ನಾನು ಹೋದಾಗ, “ತಂಗೆವ್ವ, ದುರಗಂದು ಓದು” ಎಂದ. ಮತ್ತೆ ಅಚ್ಚಿಗೆ ಕೊಡಲೆಂದು ಇಟ್ಟುಕೊಂಡಿದ್ದ ಒಂದೇ ಪ್ರತಿ ಮನೆಯಲ್ಲಿ ಉಳಿದಿತ್ತು, ಯಾವ ಗೆರೆಯೂ ಇಲ್ಲದ್ದು. ಓದಿದೆ. ನೆರಳಿನ ಬಾಡಿಗೆಯ ಮಾತಿಗೆ ಇಬ್ಬರೂ ನಕ್ಕೆವು. ಕೊನೆಯ ಹಾಳೆಗೆ ಬಂದು ನಾನು ನಿಂತೆ.

“ಯಾಕ, ಕಣ್ಣಿಗೆ ಕಾಣವಲ್ದೇನು?”

“ಕಾಣ್ತೈತಿ.”

“ಯಮನೂರ ಇದನ್ನ ಹೆಂಗ ಅಂದಿದ್ದ, ನೆನಪೈತೇನು ನಿನಗ?” ಎಂದ ಅಣ್ಣ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಆ ಹೆಸರು ಬಂದಿತ್ತು.

“ಐತಿ.”

“ಅಂವ ಅಂದಂಗ ಯಾರೂ ಅನ್ನಲಿಲ್ಲ. ಆ ದನಿ ಇಟ್ಕೊಂಡು, ಯಾಕ ಹಂಗ ಮಾಡಿದ ಅಂತ…” ಮಾತು ನಿಲ್ಲಿಸಿ ಮುಖವನ್ನು ನನ್ನ ಕಡೆ ತಿರುಗಿಸಿದ. ಕಾಣದ ಕಣ್ಣು. ಆದರೂ ನೋಡುತ್ತಿದ್ದಂತೆ ಇತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತಿಗೆ ಹೊರಗೆ ಹೋಗಿದ್ದರು. ಅವ್ವ ಎಂದೋ ಹೋಗಿದ್ದಳು. ಮುಚ್ಚುವುದಕ್ಕೆ ಬಾಗಿಲು ಕೂಡ ಸರಿಯಾಗಿರಲಿಲ್ಲ ಆ ಮನೆಗೆ. ನಾನು ಉಸಿರು ಹಿಡಿದೆ. ಆಮೇಲೆ, “ಹಾಲು ಕಾಸಲೇನಣ್ಣ?” ಎಂದೆ.

ಶ್ರಾವಣದಲ್ಲಿ ಅಣ್ಣ ತೀರಿಕೊಂಡ. ಯಮನೂರಣ್ಣನಿಗೆ ತಿಳಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು. ನಾನು ತಿಳಿಸಲಿಲ್ಲ.

ಮುನಿರಾಬಾದಿನಲ್ಲಿ ಅವನ ಕೆಲಸವೂ ಉಳಿದಿಲ್ಲ, ಈಗ ಹುಲಿಗಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ತಿಳಿದು, ಹೋದ ತಿಂಗಳು ಒಂದು ಮಂಗಳವಾರ ಹುಲಿಗಿಗೆ ಹೋದೆ. ಗುಡಿಗೆ ಹೋಗುವ ದಾರಿಯಲ್ಲಿ ಸಾಲಾಗಿ ಕಾಯಿ, ಹೂವಿನ ಅಂಗಡಿಗಳು. ಒಂದು ಅಂಗಡಿಯ ಮೂಲೆಯಲ್ಲಿ ಅವನು ಕುಂಕುಮದ ಪೊಟ್ಟಣ ಕಟ್ಟುತ್ತ ಕುಳಿತಿದ್ದ. ಮುಖ ನೋಡಿ ನನಗೆ ಗುರುತು ಹತ್ತಲಿಲ್ಲ. ಕಾಗದ ಮಡಿಸಿ ಹೆಬ್ಬೆರಳ ಉಗುರಿನಿಂದ ಗೀರಿದ್ದು ನೋಡಿ ಹತ್ತಿತು.

ಎದುರಿಗೆ ಕುಳಿತು, “ಯಮನೂರಣ್ಣ” ಎಂದೆ.

“ಎಷ್ಟು ಬೇಕವಾ? ಹತ್ತರದೋ ಇಪ್ಪತ್ತರದೋ?”

“ನಾನಣ್ಣ” ಎಂದು ಅಣ್ಣನ ಹೆಸರು ಹೇಳಿ, ಅವನ ತಂಗಿ ಎಂದೆ. ಅವನಿಗೆ ಕೇಳಿಸಲಿಲ್ಲ. ಒಳಗಿನಿಂದ ಅವನ ಮಗಳು, “ಒದರಿ ಹೇಳ್ರಿ ಬೇ. ನಮ್ಮಪ್ಪಗ ಕಿವಿ ಪೂರಾ ಹೋಗ್ಯಾವ” ಎಂದಳು. ಒದರಿ ಹೇಳಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ. “ಓಹೋ, ಸೊಟ್ಟ ಗೆರಿಯಾಕಿ!” ಎಂದು ಮುಖ ಅರಳಿಸಿದ. “ನಿಮ್ಮಣ್ಣ ಹೆಂಗದಾನ?”

ಅದನ್ನೂ ಒದರಿಯೇ ಹೇಳಬೇಕಾಯಿತು. ಕಾಯಿ ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಅವನ ಕೈ ನಿಂತಿತು. ಅರ್ಧ ಮಡಿಸಿದ ಕಾಗದದಿಂದ ಕುಂಕುಮ ತೊಡೆಯ ಮೇಲೆ ಚೆಲ್ಲಿತು, ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಕೇಳಿದ: “ನನ್ನ ಮ್ಯಾಲಿನ ಸಿಟ್ಟು ಹೋಗಿತ್ತೇನವಾ ಅವಗ?”

ಹೋಗಿತ್ತು ಎನ್ನಬಹುದಿತ್ತು. ಮುದುಕ ನೆಮ್ಮದಿಯಿಂದ ಇರುತ್ತಿದ್ದ. ನಾನೂ ಇನ್ನೊಮ್ಮೆ ತಪ್ಪಿಸಿಕೊಳ್ಳುತ್ತಿದ್ದೆ. ಈ ಮಾತನ್ನು ನಾನು ಮೆಲ್ಲಗೆ ಹೇಳಬೇಕೆಂದುಕೊಂಡು ಬಂದಿದ್ದೆ, ಬಸ್ಸಿನಲ್ಲಿ ಮನಸ್ಸಿನೊಳಗೇ ಅಂದುಕೊಂಡಿದ್ದೆ. ಸುತ್ತ ಮಂದಿ ನಿಂತಿದ್ದರು. ನಾನು ಅವನ ಕಿವಿಯ ಹತ್ತಿರ ಬಗ್ಗಿ, ಇದ್ದಷ್ಟು ದನಿ ತೆಗೆದು ಕೂಗಿದೆ:

“ಇಲ್ಲ ಯಮನೂರಣ್ಣ, ಹೋಗಿರ್ಲಿಲ್ಲ. ಸಾಯೂತನಕ ನೀನ ಕಳ್ಳ ಅಂತ ತಿಳ್ಕೊಂಡಿದ್ದ. ನಾ ಹೇಳಲಿಲ್ಲ. ಆ ಪುಸ್ತಕದ ಫೋಟೋ ಹೊಡದಾಕಿ ನಾನು. ನೀ ಅಲ್ಲ, ನಾನು. ನಂದು ತಪ್ಪಾತಣ್ಣ, ಹೊಟ್ಟ್ಯಾಗ ಹಾಕ್ಕೋ.”